ಇಪ್ಪತ್ನಾಲ್ಕಕ್ಕೊಮ್ಮೆ ಬರಬೇಕಿದ್ದ ರಜೆ

ಬ್ರೆಡ್ ಕಾರ್ಖಾನೆಯ ಒಲೆಗಳಿಗೆ ರಜೆ ಇಲ್ಲ. ಊರು ದಿನವೂ ತಿನ್ನುತ್ತದೆ, ಭಾನುವಾರ ಇನ್ನೂ ಸ್ವಲ್ಪ ಹೆಚ್ಚೇ ತಿನ್ನುತ್ತದೆ. ಹಾಗಾಗಿ ಅಲ್ಲಿ ದುಡಿಯುವವರಿಗೆ ವಾರದ ರಜೆ ಎಂಬುದಿಲ್ಲ. ಐದು ದಿನ ಕೆಲಸ, ಆರನೆಯ ದಿನ ವಿಶ್ರಾಂತಿ. ಇರುವವರನ್ನೆಲ್ಲ ಆರು ಗುಂಪು ಮಾಡಿ, ದಿನಕ್ಕೊಂದು ಗುಂಪನ್ನು ಮನೆಗೆ ಕಳಿಸುತ್ತಾರೆ. ಯಾರು ಯಾವ ಗುಂಪು, ಯಾರಿಗೆ ಯಾವತ್ತು ರಜೆ ಎಂದು ಆಫೀಸಿನ ಹಸಿರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವ ಕೆಲಸ ಅಕ್ಕನದು.

ಅಕ್ಕ ಎಂದರೆ ಅವರ ಸ್ವಂತ ತಂಗಿಗೆ ಮಾತ್ರ ಅಕ್ಕ ಅಲ್ಲ. ಹಿಟ್ಟು ನಾದುವವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವರು ಅಕ್ಕ. ಬೆನ್ನ ಹಿಂದೆ ಮಾತ್ರ ಹೆಸರು ಇನ್ನೂ ಸ್ವಲ್ಪ ಉದ್ದ: ಲಸಾಅಕ್ಕ. ಶಾಲೆಯಲ್ಲಿ ಕಲಿತು ಎಲ್ಲರೂ ಮರೆಯುವ ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡು ಸಂಖ್ಯೆಗಳ ಮಗ್ಗಿಯಲ್ಲಿ ಮೊಟ್ಟಮೊದಲು ಒಟ್ಟಿಗೆ ಸಿಗುವ ಸಂಖ್ಯೆ, ಅವರಿಗೆ ಮರೆತೇ ಹೋಗಿಲ್ಲ. ಅವರು ಬೇರೆಯವರಿಗೂ ಮರೆಯಲು ಬಿಟ್ಟಿಲ್ಲ.

‘ಅಕ್ಕಾ, ನನ್ನ ರಜೆ ಮತ್ತೆ ಭಾನುವಾರಕ್ಕೆ ಬೀಳೋದು ಯಾವಾಗ?’ ಎಂದು ಯಾರಾದರೂ ಕಿಟಕಿಯಲ್ಲಿ ತಲೆ ತೂರಿಸಿದರೆ ಅಕ್ಕ ಬೋರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ.

‘ಆರು, ಏಳು. ಲಸಾಅ ನಲವತ್ತೆರಡು. ಹೋದ ಸಲ ಯಾವತ್ತು ಬಿದ್ದಿತ್ತೋ ಅಲ್ಲಿಂದ ಎಣಿಸ್ಕೋ. ಬೆರಳು ಸಾಲದಿದ್ರೆ ಪಕ್ಕದವರದ್ದೂ ಇಸ್ಕೋ.’

ಈ ಪ್ರೀತಿ ಹುಟ್ಟಿದ್ದು ಆರನೆಯ ಕ್ಲಾಸಿನಲ್ಲಿ. ಗಣಿತದ ಟೀಚರು ತರಗತಿಯನ್ನು ಎರಡು ಭಾಗ ಮಾಡಿ, ಗಟ್ಟಿಯಾಗಿ ಎಣಿಸುತ್ತ, ಎಡಗಡೆಯವರು ಪ್ರತಿ ನಾಲ್ಕಕ್ಕೂ ಬಲಗಡೆಯವರು ಪ್ರತಿ ಆರಕ್ಕೂ ಚಪ್ಪಾಳೆ ತಟ್ಟಬೇಕೆಂದಿದ್ದರು. ಅಲ್ಲೊಂದು ಇಲ್ಲೊಂದು ಒಂಟಿ ಚಪ್ಪಾಳೆ ಬೀಳುತ್ತಿದ್ದುದು ಹನ್ನೆರಡಕ್ಕೆ ಬಂದಾಗ ಇಡೀ ಕೋಣೆ ಒಟ್ಟಿಗೆ ಸಿಡಿಯಿತು. ಪಾರಿವಾಳಗಳು ಹೆಂಚಿನಿಂದ ಎದ್ದು ಹೋದವು. ಅವತ್ತಿಗೆ ಅಕ್ಕನ ಮನಸ್ಸೂ ಹೋಯಿತು. ಅದರ ಮರುವಾರ ಬಂದ ಮಸಾಅ, ಮಹತ್ತಮ ಸಾಮಾನ್ಯ ಅಪವರ್ತನ, ಅವರಿಗೆ ರುಚಿಸಲಿಲ್ಲ. ಎರಡು ಸಂಖ್ಯೆಗಳನ್ನೂ ಶೇಷವಿಲ್ಲದೆ ಭಾಗಿಸುವ ದೊಡ್ಡ ಸಂಖ್ಯೆ ಹುಡುಕು ಎನ್ನುತ್ತಾರೆ, ಹುಡುಕಿದರೆ ಸಿಗುವುದು ಎರಡೋ ಮೂರೋ. ಮಹತ್ತಮ ಎಂದು ಹೆಸರಿಟ್ಟುಕೊಂಡು ಇಷ್ಟು ಸಣ್ಣಗಿರುವುದಕ್ಕೆ ನಾಚಿಕೆಯಾಗಬೇಡವೇ ಎಂದು ಅವರ ವಾದ. ಭಿನ್ನರಾಶಿಯನ್ನು ಕತ್ತರಿಸಲು ಇಟ್ಟುಕೊಂಡ ಕತ್ತರಿ ಅದು ಎಂದು ಡ್ರಾಯರಿನಲ್ಲಿ ಹಾಕಿ ಮುಚ್ಚಿಬಿಟ್ಟರು.

ಲಸಾಅ ಮಾತ್ರ ಅಡುಗೆಮನೆಗೂ ಬಂತು. ಬನ್ನು ಆರರ ಪೊಟ್ಟಣದಲ್ಲಿ ಬರುತ್ತದೆ, ಮೊಟ್ಟೆ ಹತ್ತರ ಪೆಟ್ಟಿಗೆಯಲ್ಲಿ. ಒಂದು ಬನ್ನಿಗೆ ಒಂದು ಮೊಟ್ಟೆ ಎಂಬುದು ಮನೆಯ ಕಾನೂನು. ಯಾವುದೂ ಮಿಗಬಾರದೆಂದು ಅಕ್ಕ ಐದು ಪೊಟ್ಟಣ ಬನ್ನು, ಮೂರು ಪೆಟ್ಟಿಗೆ ಮೊಟ್ಟೆ ತರುತ್ತಾರೆ. ಮೂವತ್ತಕ್ಕೆ ಮೂವತ್ತು ಸರಿ. ಮನೆಯಲ್ಲಿ ಇರುವುದು ಇಬ್ಬರು.

‘ನಿನ್ನ ಲಸಾಅ ನನ್ನ ಹೊಟ್ಟೆಗಿಂತ ದೊಡ್ಡದಾಯ್ತು ಕಣೇ’ ಎಂದು ಅಕ್ಕನ ಗಂಡ ಎಂಟನೆಯ ಬನ್ನಿನ ಹೊತ್ತಿಗೆ ಕೈಮುಗಿಯುತ್ತಾರೆ. ಛಾಪಖಾನೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಅವರು. ಅವರಿಗೆ ಪ್ರತಿ ಭಾನುವಾರ ರಜೆ, ಅಕ್ಕನಿಗೆ ಆರು ದಿನಕ್ಕೊಮ್ಮೆ. ನಲವತ್ತೆರಡು ದಿನಕ್ಕೊಮ್ಮೆ ಇಬ್ಬರ ರಜೆಯೂ ಒಂದೇ ದಿನ ಬೀಳುತ್ತದೆ. ಮದುವೆಯಾದಾಗಿನಿಂದ ಅದು ತಪ್ಪಿಲ್ಲ. ನಡುವೆ ಎರಡು ಸಲ ಅಕ್ಕನ ಗುಂಪು ಬದಲಾಯಿತು. ಆಗಲೂ ಒಂದಷ್ಟು ದಿನ ಹಿಂದೆಮುಂದೆಯಾಗಿ ರಜೆಗಳು ಮತ್ತೆ ಬಂದು ಕೂಡಿಕೊಂಡವು. ಎಲ್ಲಿಂದ ಶುರು ಮಾಡಿದರೂ ಕೊನೆಗೆ ಸೇರಲೇಬೇಕು ಎಂಬುದಕ್ಕೆ ಅಕ್ಕನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸಾಕ್ಷಿ ಎದುರಿಗೇ ಕೂತು ಬನ್ನು ತಿನ್ನುತ್ತಿತ್ತು.

ತಂಗಿಯ ಮದುವೆ ಗೊತ್ತಾದಾಗಲೂ ಅಕ್ಕ ಈ ಸಾಕ್ಷಿಯ ಬಲದ ಮೇಲೆಯೇ ಮಾತು ಕೊಟ್ಟರು. ತಂಗಿ ಅದೇ ಕಾರ್ಖಾನೆಯ ಒಲೆಯ ಮುಂದೆ ಟ್ರೇ ಎಳೆಯುವವಳು. ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹೆಣೆದವರು, ಕೆಲಸ ಕೊಡಿಸಿದವರು ಎಲ್ಲ ಅಕ್ಕನೇ. ಹುಡುಗ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಆಪರೇಟರ್. ಅಲ್ಲಿ ಏಳು ದಿನ ಕೆಲಸ, ಎಂಟನೆಯ ದಿನ ರಜೆ. ತಂಗಿ ನಸುಕಿನಲ್ಲಿ ಹೊರಟು ಮಧ್ಯಾಹ್ನ ಮನೆ ಸೇರುವವಳು, ಅವನು ಮಧ್ಯಾಹ್ನಕ್ಕೆ ಮುಂಚೆ ಹೊರಟು ಅವಳು ಮಲಗಿದ ಮೇಲೆ ಬರುವವನು.

‘ಹಾಗಾದ್ರೆ ನಾವು ಮಾತಾಡೋದು ಯಾವಾಗ?’ ಎಂದು ತಂಗಿ ಕೇಳಿದ್ದಳು.

‘ಆರು, ಎಂಟು. ಲಸಾಅ ಇಪ್ಪತ್ನಾಲ್ಕು’ ಎಂದರು ಅಕ್ಕ, ಮದುಮಗನ ಕಡೆಯವರಿಗೆಲ್ಲ ಕೇಳುವ ಹಾಗೆ. ‘ಇಪ್ಪತ್ನಾಲ್ಕು ದಿನಕ್ಕೊಂದ್ಸಲ ಇಬ್ಬರಿಗೂ ಒಟ್ಟಿಗೆ ಇಡೀ ದಿನ ರಜೆ. ನಾನು ಗ್ಯಾರಂಟಿ. ನಮಗೆ ನಲವತ್ತೆರಡು, ನಿಮಗೆ ಇಪ್ಪತ್ನಾಲ್ಕು. ಪುಣ್ಯವಂತರು.’

ಮದುವೆಗೆ ಅಕ್ಕ ಕೊಟ್ಟ ಉಡುಗೊರೆಯೂ ಕಾರ್ಖಾನೆಯ ರೀತಿಯದ್ದೇ. ಮದುವೆಯ ರಜೆ ಮುಗಿಸಿ ತಂಗಿ ಸೇರಬೇಕಿದ್ದ ದಿನ, ಅವಳ ಬದಲು ತಾವೇ ಒಲೆಯ ಮುಂದೆ ನಿಂತು, ಅವಳಿಗೆ ಒಂದು ದಿನ ಹೆಚ್ಚಿಗೆ ಕೊಟ್ಟರು. ಕೆಲಸಕ್ಕೆ ಮರಳಿದ ದಿನದಿಂದ ಐದು ದಿನ ಎಣಿಸಿ ಆರನೆಯ ದಿನ ರಜೆ ಕೊಡುವುದು ಅಲ್ಲಿನ ಪದ್ಧತಿ. ಹಾಗಾಗಿ ತಂಗಿಯ ರಜೆ ಒಂದು ದಿನ ಮುಂದಕ್ಕೆ, ಮಾರನೆಯ ದಿನದ ಗುಂಪಿಗೆ ಸರಿಯಿತು. ಆ ಗುಂಪಿನಲ್ಲಿ ಒಂದು ಜಾಗವೂ ಖಾಲಿ ಇತ್ತು. ಅಕ್ಕ ಬೋರ್ಡಿನ ಮೇಲೆ ಒಂದು ಹೆಸರು ಒರೆಸಿ ಪಕ್ಕದ ಸಾಲಿನಲ್ಲಿ ಬರೆದು, ಕೈಗಂಟಿದ ಸುಣ್ಣ ಕೊಡವಿಕೊಂಡರು.

ಮೂರು ತಿಂಗಳು ಕಳೆದವು.

ಆ ತಿಂಗಳ ಇಪ್ಪತ್ತೊಂದನೇ ತಾರೀಕು ಭಾನುವಾರ. ಅಕ್ಕ ಕೆಲಸ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲಿ ತಂಗಿಯ ಬಟ್ಟೆಬ್ಯಾಗು ಕೂತಿತ್ತು. ತಂಗಿ ಒಳಗೆ ಭಾವನ ಎದುರು ಕೂತು ಬನ್ನು ತಿನ್ನುತ್ತಿದ್ದಳು. ಅಳುತ್ತಲೂ ಇದ್ದಳು. ಎರಡನ್ನೂ ಒಟ್ಟಿಗೆ ಮಾಡುವುದು ಅವಳಿಗೆ ಚಿಕ್ಕಂದಿನಿಂದ ಅಭ್ಯಾಸ.

‘ನಾನು ವಾಪಸ್ ಹೋಗಲ್ಲ’ ಎಂದಳು.

‘ಎಲ್ಲಿಗೆ?’

‘ಅವರ ಮನೆಗೆ. ಅವರಿಗೆ ನನ್ನ ಮುಖ ನೋಡೋಕೆ ಇಷ್ಟ ಇಲ್ಲ. ಬೇಕು ಬೇಕು ಅಂತಾನೇ ರಜೆ ಹಿಂದೆಮುಂದೆ ಮಾಡ್ಕೋತಾರೆ. ಇವತ್ತು ನಂದು ರಜೆ, ಅವರದ್ದು ನಿನ್ನೆಗೇ ಮುಗೀತು. ಮುಂದಿನ ಶನಿವಾರ ಇಪ್ಪತ್ತೇಳಕ್ಕೆ ನಂದು, ಅವರದ್ದು ಇಪ್ಪತ್ತೆಂಟಕ್ಕೆ. ಒಂದೊಂದೇ ದಿನ ತಪ್ಪಿಸೋದು! ಯಾರಾದ್ರೂ ಇಷ್ಟು ಸರಿಯಾಗಿ ತಪ್ಪಿಸ್ಕೋತಾರಾ ಅಕ್ಕಾ, ಬೇಕಂತ ಮಾಡ್ದೇ ಇದ್ರೆ?’

‘ಒಂದ್ಸಲಾನೂ ಸೇರಿಲ್ವಾ?’

‘ಮದುವೆಯಾದ್ಮೇಲೆ ಒಂದ್ಸಲಾನೂ ಇಲ್ಲ. ಕೇಳಿದಾಗೆಲ್ಲ ನೀನೇ ಹೇಳ್ದೆ, ತಾಳು, ಬರುತ್ತೆ ಅಂತ. ಇಷ್ಟು ಹೊತ್ತಿಗೆ ಮೂರು ಸಲವಾದ್ರೂ ಬರಬೇಕಿತ್ತಲ್ಲ. ನಿನ್ನ ಲೆಕ್ಕ ತಪ್ಪಾಗೋಕೆ ಸಾಧ್ಯ ಇಲ್ಲ. ಹಾಗಾದ್ರೆ ತಪ್ಪಿರೋದು ಅವರಲ್ಲೇ.’

ಈ ತರ್ಕದಲ್ಲಿ ಅಕ್ಕನಿಗೆ ಎಲ್ಲೂ ದೋಷ ಕಾಣಲಿಲ್ಲ. ಅದರಲ್ಲೂ ಮೊದಲನೆಯ ಭಾಗ ಬಹಳ ಗಟ್ಟಿಯಾಗಿದೆ ಅನ್ನಿಸಿತು.

‘ನಾಳೆ ನನಗೆ ರಜೆ. ಹೋಗಿ ವಿಚಾರಿಸ್ಕೋತೀನಿ’ ಎಂದರು, ಸೆರಗು ಸಿಕ್ಕಿಸುತ್ತ.

‘ಬರೀ ವಿಚಾರಿಸು’ ಎಂದರು ಗಂಡ. ‘ಪಂಪ್‌ಹೌಸು ಅದು. ಆ ಹುಡುಗ ಹೆದರಿ ಏನಾದ್ರೂ ಬಂದ್ ಮಾಡಿದ್ರೆ ಇಡೀ ಊರಿಗೆ ನೀರಿರಲ್ಲ.’

ಪಂಪ್‌ಹೌಸು ಹಳೆಯ ಕಟ್ಟಡ. ಎತ್ತರದ ಚಾವಣಿ, ಉದ್ದನೆಯ ಕಿಟಕಿಗಳು, ನಾಲ್ಕು ಹಸಿರು ಪಂಪುಗಳು, ಅಂಗಾಲಿಗೆ ಸದಾ ಸಣ್ಣ ನಡುಕ. ಪಂಪುಗಳ ಮುಂದೆ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಕಾಲುದಾರಿ, ಅದಕ್ಕೆ ಬಿಳಿ ಒಂದು ಕಪ್ಪು ಒಂದರಂತೆ ಚೌಕದ ಕಲ್ಲುಗಳನ್ನು ಹಾಸಿದ್ದರು. ತಂಗಿಯ ಗಂಡ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದು ವಾಲ್ವಿನ ನಟ್ಟು ಬಿಗಿಮಾಡುತ್ತಿದ್ದ. ಅಕ್ಕನನ್ನು ಕಂಡದ್ದೇ ಎದ್ದು ನಿಂತು ಕೈಯೊರೆಸಿಕೊಂಡ.

‘ಅಕ್ಕಾ, ಬನ್ನಿ. ಅವಳು ನಿಮ್ಮನೇಲಿದ್ದಾಳಾ?’

‘ಇದ್ದಾಳೆ. ಬನ್ನು ತಿನ್ಕೊಂಡು ಅಳ್ತಿದ್ದಾಳೆ. ನಾನು ನೇರವಾಗಿ ಕೇಳ್ತೀನಿ, ನೀವೂ ನೇರವಾಗಿ ಹೇಳಿ. ರಜೆ ಯಾಕೆ ಬದಲಾಯಿಸ್ಕೋತಿದ್ದೀರಿ?’

ಅವನು ಕೈಯೊರೆಸಿದ ಬಟ್ಟೆಯನ್ನು ಮಡಿಸಿ ಪಂಪಿನ ಮೇಲಿಟ್ಟ. ಆಮೇಲೆ ಬಹಳ ಮೆಲ್ಲಗೆ, ‘ನಾನು ನಿಮ್ಮನ್ನ ಅದನ್ನೇ ಕೇಳಬೇಕೂಂತಿದ್ದೆ’ ಎಂದ.

‘ನನ್ನನ್ನಾ?’

‘ಬೋರ್ಡಲ್ಲಿ ಬರೆಯೋರು ನೀವು. ಅವಳು ನಿಮ್ಮ ಕಿವೀಲಿ ಹೇಳಿ, ನನ್ನ ರಜೆ ಯಾವತ್ತಿದೆಯೋ ಅವತ್ತು ಬೇಡ ಅಂತ ಬರೆಸ್ಕೋತಿದ್ದಾಳೆ ಅಂದ್ಕೊಂಡಿದ್ದೆ. ನನ್ನದು ಬದಲಾಗೋ ರಜೆ ಅಲ್ಲ ಅಕ್ಕಾ. ಈ ತಿಂಗಳು ನಾಲ್ಕು, ಹನ್ನೆರಡು, ಇಪ್ಪತ್ತು, ಇಪ್ಪತ್ತೆಂಟು. ಎಂಟು ದಿನಕ್ಕೊಂದು. ನಾನು ಸೇರಿದಾಗಿನಿಂದ ಹೀಗೇ. ಮೊನ್ನೆ ಶನಿವಾರ ಇಡೀ ದಿನ ಮನೇಲಿ ಒಬ್ಬನೇ ಕೂತಿದ್ದೆ.’

ಅಕ್ಕ ಜಗಳಕ್ಕೆ ಸಿದ್ಧರಾಗಿ ಬಂದಿದ್ದರು. ಎದುರಾಳಿ ಹೀಗೆ ಪೆಚ್ಚು ಮುಖ ಮಾಡಿ ನಿಂತರೆ ಮುಂದೇನು ಎಂದು ಯೋಚಿಸಿರಲಿಲ್ಲ. ‘ಸರಿ, ಇಲ್ಲೇ ಇಟ್ಟು ನೋಡೋಣ’ ಎಂದರು. ‘ಒಂದಷ್ಟು ನಟ್ಟು, ಒಂದಷ್ಟು ವಾಷರು ಕೊಡಿ. ಆ ಗೋಡೆ ಪಕ್ಕದ ಮೊದಲ ಕಲ್ಲು ಈ ತಿಂಗಳ ಒಂದನೇ ತಾರೀಕು. ಒಂದು ಕಲ್ಲಿಗೆ ಒಂದು ದಿನ. ನಿಮ್ಮ ರಜೆಗೆ ನೀವು ನಟ್ಟು ಇಡಿ, ಅವಳದ್ದಕ್ಕೆ ನಾನು ವಾಷರ್ ಇಡ್ತೀನಿ. ಎಲ್ಲಿ ಎರಡೂ ಒಂದೇ ಕಲ್ಲಿಗೆ ಬರುತ್ತೋ ಅವತ್ತು ನಿಮ್ಮಿಬ್ಬರ ರಜೆ.’

ಅವನು ನಾಲ್ಕನೆಯ ಕಲ್ಲಿನ ಮೇಲೆ ಮೊದಲ ನಟ್ಟು ಇಟ್ಟು, ಎಂಟು ಕಲ್ಲು ದಾಟಿ ಇನ್ನೊಂದು, ಮತ್ತೆ ಎಂಟು ದಾಟಿ ಮತ್ತೊಂದು ಇಡುತ್ತ ಹೋದ. ಅಕ್ಕ ಮೂರನೆಯ ಕಲ್ಲಿನಿಂದ ಶುರು ಮಾಡಿ ಆರಾರು ಕಲ್ಲಿಗೊಂದು ವಾಷರ್ ಇಟ್ಟರು: ಒಂಬತ್ತು, ಹದಿನೈದು, ಇಪ್ಪತ್ತೊಂದು, ಇಪ್ಪತ್ತೇಳು. ತಿಂಗಳು ಮುಗಿದರೂ ಕಲ್ಲು ಮುಗಿದಿರಲಿಲ್ಲ, ಹಾಗೇ ಮುಂದಿನ ತಿಂಗಳೊಳಕ್ಕೂ ನಡೆದರು. ಎದುರಿನ ಗೋಡೆ ಮುಟ್ಟಿ ಇಬ್ಬರೂ ತಿರುಗಿ ನೋಡಿದರು.

ಮೊದಲು ಕಂಡದ್ದು ಹುಡುಗನಿಗೇ. ಆದರೆ ಹೇಳಲು ಧೈರ್ಯ ಸಾಲದೆ, ‘ಅಕ್ಕಾ, ಬಣ್ಣ ನೋಡಿ’ ಎಂದಷ್ಟೇ ಅಂದ.

ನಟ್ಟುಗಳೆಲ್ಲ ಕಪ್ಪು ಕಲ್ಲಿನ ಮೇಲಿದ್ದವು. ವಾಷರುಗಳೆಲ್ಲ ಬಿಳಿಯ ಮೇಲೆ. ಒಂದೂ ದಾರಿ ತಪ್ಪಿರಲಿಲ್ಲ. ಮೂರನೆಯ ಕಲ್ಲಿನಲ್ಲಿ ವಾಷರ್, ಪಕ್ಕದ ನಾಲ್ಕರಲ್ಲಿ ನಟ್ಟು. ಇಪ್ಪತ್ತರಲ್ಲಿ ನಟ್ಟು, ಇಪ್ಪತ್ತೊಂದರಲ್ಲಿ ವಾಷರ್. ಇಪ್ಪತ್ತೇಳು, ಇಪ್ಪತ್ತೆಂಟರಲ್ಲೂ ಅದೇ ಕತೆ. ಮೈಗೆ ಮೈ ತಾಗುವಷ್ಟು ಹತ್ತಿರ ಬರುತ್ತವೆ, ಮುಖ ನೋಡದೆ ದಾಟಿ ಹೋಗುತ್ತವೆ.

ಅಕ್ಕ ಅಲ್ಲೇ ಒಂದು ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತರು. ಬಿಳಿಯಿಂದ ಆರು ಕಲ್ಲು ದಾಟಿದರೆ ಮತ್ತೆ ಬಿಳಿಯೇ ಸಿಗುತ್ತದೆ, ಏಕೆಂದರೆ ಆರು ಸಮಸಂಖ್ಯೆ. ಕಪ್ಪಿನಿಂದ ಎಂಟು ದಾಟಿದರೆ ಮತ್ತೆ ಕಪ್ಪೇ. ಆರು ಮತ್ತು ಎಂಟು, ಎರಡರೊಳಗೂ ಎರಡು ಕೂತಿದೆ. ಮಸಾಅ ಎರಡು. ಡ್ರಾಯರಿನಲ್ಲಿ ಹಾಕಿ ಮುಚ್ಚಿದ ಕತ್ತರಿ ಇಷ್ಟು ವರ್ಷದ ಮೇಲೆ ಎದ್ದು ಬಂದು ನೆಲದುದ್ದಕ್ಕೂ ಮಲಗಿತ್ತು. ಲಸಾಅ ಇಪ್ಪತ್ನಾಲ್ಕು ಎಂಬುದು ಸುಳ್ಳಲ್ಲ. ಒಂದು ಸಲ ಸೇರಿದವರು ಇಪ್ಪತ್ನಾಲ್ಕು ದಿನಕ್ಕೊಮ್ಮೆ ಸೇರುತ್ತಲೇ ಇರುತ್ತಾರೆ. ಆದರೆ ಆ ಮೊದಲ ಸಲ ಬರುತ್ತದೋ ಇಲ್ಲವೋ ಎಂದು ಹೇಳುವುದು ಮಸಾಅ. ಹೊರಟ ಜಾಗಗಳ ನಡುವಿನ ಅಂತರವನ್ನು ಅದು ಶೇಷವಿಲ್ಲದೆ ಭಾಗಿಸಬೇಕು. ಇಲ್ಲಿ ಅಂತರ ಒಂದು, ಮಸಾಅ ಎರಡು. ಅಕ್ಕನ ಸ್ವಂತ ಸಂಸಾರದ ಆರಕ್ಕೂ ಏಳಕ್ಕೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವೇ ಇಲ್ಲ. ಒಂದು ಯಾವ ಅಂತರವನ್ನೂ ಭಾಗಿಸುತ್ತದೆ. ಹಾಗಾಗಿ ಅವರು ಎಲ್ಲಿಂದ ಹೊರಟರೂ ಸೇರುತ್ತಿದ್ದರು. ತಮ್ಮ ಮನೆಯ ಅದೃಷ್ಟವನ್ನು ಅವರು ಲೋಕದ ನಿಯಮ ಎಂದುಕೊಂಡಿದ್ದರು.

‘ಮೊದಲಿನ ಗುಂಪಲ್ಲೇ ಇದ್ದಿದ್ರೆ?’ ಎಂದು ಹುಡುಗ ಕೇಳಿದ.

ಅಕ್ಕ ಬಗ್ಗಿ ಒಂದು ವಾಷರನ್ನು ಒಂದು ಕಲ್ಲು ಹಿಂದಕ್ಕೆ ಸರಿಸಿದರು. ಅದು ಇಪ್ಪತ್ತನೆಯ ಕಲ್ಲಿನ ನಟ್ಟಿಗೆ ಹೋಗಿ ಟಣ್ ಎಂದು ತಾಗಿತು. ಮೊನ್ನೆ ಶನಿವಾರ. ತಾವು ಉಡುಗೊರೆ ಎಂದು ಕೊಟ್ಟಿದ್ದ ಒಂದು ದಿನ, ಮೂರು ತಿಂಗಳಿಂದ ಇವರಿಬ್ಬರನ್ನು ಬೇರೆ ಬೇರೆ ಬಣ್ಣದ ಕಲ್ಲಿನ ಮೇಲೆ ಓಡಾಡಿಸುತ್ತಿತ್ತು.

‘ಅಂದ್ರೆ ಹೀಗೇ ಬಿಟ್ರೆ ನಾವು ಸಾಯೋವರೆಗೂ...’

‘ಬಿಡ್ತು ಅನ್ನಿ’ ಎಂದರು ಅಕ್ಕ. ‘ರಿಟೈರ್ ಆಗೋವರೆಗೂ.’

ಸಂಜೆ ಮನೆಯಲ್ಲಿ ಅಕ್ಕ ತಪ್ಪೊಪ್ಪಿಕೊಂಡರು. ಊಟದ ಮೇಜಿನ ಮೇಲೆ ಬನ್ನುಗಳನ್ನಿಟ್ಟು ತೋರಿಸಲು ಹೊರಟಾಗ ಗಂಡ, ‘ಬಾಯಲ್ಲೇ ಹೇಳು, ಇಟ್ಟಿದ್ದನ್ನೆಲ್ಲ ಆಮೇಲೆ ನಾನೇ ತಿನ್ಬೇಕು’ ಎಂದರು. ತಂಗಿ ಕೊನೆಯವರೆಗೂ ಕೇಳಿದಳು. ಗಂಡ ನಿರಪರಾಧಿ ಎಂದು ತಿಳಿದಾಗ ಅವಳ ಮುಖ ಅರಳಿದ್ದು ನಿಜ. ಆದರೆ ಅಕ್ಕನ ಲೆಕ್ಕ ತಪ್ಪಿತೆಂದು ತಿಳಿದಾಗ ಅದಕ್ಕಿಂತ ಹೆಚ್ಚು ಅರಳಿತು.

‘ಇನ್ನೊಂದ್ಸಲ ಹೇಳು.’

‘ಏನನ್ನ?’

‘ತಪ್ಪಾಯ್ತು ಅಂದೆಯಲ್ಲ, ಅದನ್ನ. ಭಾವಾ, ನೀವೂ ಕೇಳಿಸ್ಕೊಳ್ಳಿ.’

‘ನಾನು ಇಷ್ಟು ವರ್ಷ ಕಾದಿದ್ದೀನಿ ಕಣಮ್ಮ’ ಎಂದರು ಭಾವ. ‘ನಿಧಾನವಾಗಿ ಹೇಳ್ಲಿ.’

ತಪ್ಪು ಸಿಕ್ಕಿತು, ಸರಿ. ತಿದ್ದುವುದು ಹೇಗೆ? ತಂಗಿಯ ಹಳೆಯ ಗುಂಪಿನಲ್ಲಿ ಈಗ ಬೇರೊಬ್ಬರಿದ್ದರು. ಒಬ್ಬರಿಗೆ ಬರೆದುಕೊಟ್ಟ ರಜೆಯನ್ನು ಇನ್ನೊಬ್ಬರಿಗಾಗಿ ಕೀಳಬಾರದು ಎಂಬ ನಿಯಮವನ್ನು ಆ ಬೋರ್ಡಿಗೆ ತಂದವರು ಅಕ್ಕನೇ. ರಜೆ ಅಂದ್ರೆ ಬಸ್ಸಿನ ಸೀಟಲ್ಲ, ಸ್ವಲ್ಪ ಸರೀರಿ ಅನ್ನೋಕೆ, ಎಂದು ಎಷ್ಟು ಜನರನ್ನು ಆ ಕಿಟಕಿಯಿಂದ ವಾಪಸು ಕಳಿಸಿದ್ದರೋ ಲೆಕ್ಕವಿಲ್ಲ. ಈಗ ತಂಗಿಗಾಗಿ ಯಾರ ಮುಂದೆ ಹೋಗಿ ಸರೀರಿ ಎನ್ನುವುದು? ಮುಟ್ಟಬಹುದಾದ ರಜೆ ಒಂದೇ ಒಂದಿತ್ತು, ಅವರದ್ದೇ. ಅಕ್ಕನ ಗುಂಪಿಗೆ ರಜೆ ತಂಗಿಯ ಗುಂಪಿನ ಮಾರನೆಯ ದಿನ. ಪಂಪ್‌ಹೌಸಿನ ನೆಲದಲ್ಲಿ ಅದು ಕಪ್ಪು ಕಲ್ಲು. ಇಬ್ಬರೂ ಅದಲುಬದಲು ಮಾಡಿಕೊಂಡು, ತಂಗಿಯ ಹೊಸ ರಜೆಯ ದಿನ ಅಕ್ಕ ಅವಳ ಬದಲು ಒಲೆಯ ಮುಂದೆ ನಿಂತರೆ, ತಂಗಿಯ ಮುಂದಿನ ರಜೆ ಇಪ್ಪತ್ತೆಂಟು, ಭಾನುವಾರ. ಪಂಪ್‌ಹೌಸಿನ ಹುಡುಗನದ್ದೂ ಇಪ್ಪತ್ತೆಂಟು.

ಆ ಭಾನುವಾರವೇ ಅಕ್ಕ ಮತ್ತು ಅವರ ಗಂಡನ ನಲವತ್ತೆರಡನೆಯ ದಿನವೂ ಆಗಿತ್ತು. ಕೆರೆಯಲ್ಲಿ ದೋಣಿ ಸುತ್ತಲು ಗಂಡ ಎರಡು ಟಿಕೆಟ್ ತಂದಿಟ್ಟಿದ್ದರು. ಅಕ್ಕ ಅವರ ಮುಖ ನೋಡಿದರು. ಹೇಳಬೇಕಾದ್ದನ್ನು ಹೇಳಲು ಅವರಿಗೆ ಸಂಖ್ಯೆಗಳು ಸಿಗಲಿಲ್ಲ.

ಗಂಡ ಎದ್ದು ಹೋಗಿ ಅಂಗಿಯ ಜೇಬಿನಿಂದ ಟಿಕೆಟ್ ತಂದು ತಂಗಿಯ ತಟ್ಟೆಯ ಪಕ್ಕ ಇಟ್ಟರು. ‘ನಮಗೇನು, ಯಾವ ಕಲ್ಲಿನ ಮೇಲೆ ನಿಲ್ಲಿಸಿದ್ರೂ ಸೇರ್ತೀವಂತಲ್ಲ. ಸೇರೋಕೆ ಕಷ್ಟ ಇರೋರು ಹೋಗ್ಲಿ ಮೊದಲು.’

ತಂಗಿ ಆ ಸಂಜೆಯೇ ಬ್ಯಾಗು ಎತ್ತಿಕೊಂಡು ಹೊರಟಳು.

ಇಪ್ಪತ್ತೆಂಟರ ಭಾನುವಾರ ಅಕ್ಕ ಒಲೆಯ ಮುಂದೆ ನಿಂತಿದ್ದರು. ಆಫೀಸಿನ ಫ್ಯಾನಿನ ಕೆಳಗೆ ಕೂತು ರೂಢಿಯಾದ ಮೈ, ಅರ್ಧ ದಿನದೊಳಗೆ ಬೆವರಿನಲ್ಲಿ ತೊಯ್ದುಹೋಗಿತ್ತು. ಟ್ರೇ ಎಳೆಯುವಾಗ ಪಕ್ಕದ ಒಲೆಯವರು, ‘ಅಕ್ಕಾ, ಈ ಒಲೆಗೂ ಆ ಒಲೆಗೂ ಮಸಾಅ ಎಷ್ಟು?’ ಎಂದು ಕೂಗಿದರು. ಸುದ್ದಿ ಹಿಟ್ಟಿಗಿಂತ ಬೇಗ ಉಬ್ಬಿತ್ತು. ‘ನಿನ್ನ ತಲೆಯಷ್ಟು, ಎರಡೇ’ ಎಂದು ಅಕ್ಕ ತಿರುಗಿ ಕೂಗಿದರು.

ಊಟದ ಬಿಡುವಿನ ಹೊತ್ತಿಗೆ ಗೇಟಿನಲ್ಲಿ ಗಂಡ ನಿಂತಿದ್ದರು. ಕೈಯಲ್ಲಿ ಊಟದ ಡಬ್ಬಿ. ಗೋಡೆಯ ನೆರಳಿನಲ್ಲಿ ಇಬ್ಬರೂ ಕೂತರು. ಡಬ್ಬಿ ತೆಗೆದರೆ ಒಳಗೆ ಎರಡು ಬನ್ನು, ಎರಡು ಮೊಟ್ಟೆ.

‘ಎರಡಕ್ಕೆರಡು ಸರಿಯಾಗಿದೆ, ಏನೂ ಮಿಗಲ್ಲ’ ಎಂದರು ಗಂಡ. ‘ತಂಗಿ ಫೋನ್ ಮಾಡಿದ್ಲು.’

‘ದೋಣಿ ಹೇಗಿತ್ತಂತೆ?’

‘ದೋಣಿ ಹೋಯ್ತಂತೆ. ಅವರು ಹೋಗಿಲ್ಲ. ಬೆಳಿಗ್ಗೆ ಇಬ್ಬರಿಗೂ ಒಟ್ಟಿಗೆ ನಿದ್ದೆ ಬಂತಂತೆ, ಎದ್ದಾಗ ಹೊತ್ತಾಗಿತ್ತಂತೆ. ಈಗ ಒಲೆ ಮುಂದೆ ನಿಂತು ಯಾರು ಅಡುಗೆ ಮಾಡಬೇಕು ಅಂತ ಜಗಳ ನಡೀತಿದೆ. ದನಿ ಕೇಳಿದ್ರೆ ಬಹಳ ಖುಷಿಯಾಗಿದ್ಲು.’

ಅಕ್ಕನಿಗೆ ಸಿಟ್ಟು ಬಂತು. ಈ ನಿದ್ದೆಗೆ ತಾವು ದೋಣಿ ಬಿಟ್ಟು ಇಲ್ಲಿ ಬೇಯಬೇಕಿತ್ತೇ ಎಂದುಕೊಂಡರು. ಆದರೆ ಬನ್ನಿನ ಎರಡನೆಯ ತುತ್ತಿಗೆ ಸಿಟ್ಟು ಎಲ್ಲೋ ಜಾರಿ, ನಗು ಬಂತು.

‘ನಮ್ಮದು ಮತ್ತೆ ಯಾವಾಗ?’ ಎಂದು ಗಂಡ ಕೇಳಿದರು.

‘ಇನ್ನು ಮೂವತ್ತೈದು ದಿನಕ್ಕೆ. ಭಾನುವಾರ.’

‘ನೋಡಿದ್ಯಾ, ನಲವತ್ತೆರಡು ಆಗಬೇಕಿತ್ತು, ಮೂವತ್ತೈದಕ್ಕೆ ಬಂತು. ಏಳು ದಿನ ಲಾಭ.’

‘ಲಾಭ ಅಲ್ಲ ರೀ. ಇವತ್ತಿನದ್ದು ಹೋಯ್ತಲ್ಲ. ಅದು ಹಾಗಲ್ಲ, ಈಗ ಇವತ್ತನ್ನ ಸೊನ್ನೆ ಅಂತ ಇಟ್ಕೊಳ್ಳಿ...’

ಅಕ್ಕ ಬೆರಳು ಮಡಿಸಲು ಶುರು ಮಾಡಿದರು. ಗಂಡ ಅದನ್ನೇ ಕಾಯುತ್ತಿದ್ದವರಂತೆ ಗೋಡೆಗೊರಗಿ ಕಾಲು ಚಾಚಿದರು. ಅಷ್ಟರಲ್ಲಿ ಒಳಗೆ ಒಲೆಯ ಗಂಟೆ ಹೊಡೆಯಿತು. ಅಕ್ಕ ಉಳಿದ ಬನ್ನನ್ನು ಅವರ ಕೈಗಿತ್ತು, ‘ಎಲ್ಲಿಗೆ ಬಂದಿದ್ವಿ ನೆನಪಿಟ್ಕೊಂಡಿರಿ, ಬಂದು ಹೇಳ್ತೀನಿ’ ಎನ್ನುತ್ತ ಎದ್ದು ಒಳಗೆ ನಡೆದರು.